ಐತವಾರದ ಬಾವಿ

ಆಸ್ತಿ ಜಗಳದ ಫೈಲು ತೆರೆದಾಗ ನನ್ನ ಕೈ ಮೊದಲು ಹುಡುಕುವುದು ಪೆನ್ಸಿಲ್ಲನ್ನು. ವಂಶವೃಕ್ಷ ಬರೆಯಬೇಕಲ್ಲ. ಮೇಲೆ ಮುತ್ತ್ಯಾ, ಕೆಳಗೆ ಅವನ ಮಕ್ಕಳು, ತೀರಿಕೊಂಡವರ ಹೆಸರಿನ ಮುಂದೆ ಇಸವಿ. ಪೆನ್ಸಿಲ್ಲೇ ಯಾಕೆಂದರೆ ಮೊದಲ ದಿನ ಹೇಳಿದ ವಂಶ ಎರಡನೇ ದಿನಕ್ಕೆ ಬೆಳೆದಿರುತ್ತದೆ. “ಮತ್ಯಾರೂ ಇಲ್ರಿ” ಅಂದವರ ಮನೆಯಲ್ಲಿ ಉಮರ್ಗಾಕ್ಕೆ ಕೊಟ್ಟ ಅಕ್ಕನೊಬ್ಬಳು ಇದ್ದೇ ಇರುತ್ತಾಳೆ.

ಹಳೆಯ ಕಾಗದ ಬೇಕೆಂದರೆ ಉರ್ದು ಬೇಕು. ನಮ್ಮ ಬಸವಕಲ್ಯಾಣದ ಸೀಮೆ 1948ರವರೆಗೆ ನಿಜಾಮನದು, ತಾರೀಖು ಫಸಲಿ. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1954-55ರ ಖಾಸ್ರಾ ಪಹಣಿಯಲ್ಲಿ ಮುತ್ತ್ಯಾನ ಹೆಸರು ಕಂಡ ಗಳಿಗೆಯ ಖುಷಿ ಬಹಳ ಮಂದಿಗೆ ತಿಳಿಯಲಿಕ್ಕಿಲ್ಲ. ಮನೆಯಾಕೆಗಂತೂ ತಿಳಿದಿಲ್ಲ.

ಬಸವಕಲ್ಯಾಣದ ವಕೀಲನಿಗೆ ಇನ್ನೊಂದು ಜಂಬವೂ ಉಂಟು. ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಟೀಕೆ ಬರೆದದ್ದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ. ಬಂಗಾಳ, ಅಸ್ಸಾಂ ಬಿಟ್ಟರೆ ಉಳಿದೆಡೆ ಬಹುಮಟ್ಟಿಗೆ ಹಿಂದೂ ಕುಟುಂಬದ ಪಾಲು ನಮ್ಮೂರ ಲೆಕ್ಕದಲ್ಲೇ ನಡೆಯಿತು. ಸಪಿಂಡರು ಅಂದರೆ ಶ್ರಾದ್ಧದ ಅನ್ನ ಹಂಚಿಕೊಂಡವರಲ್ಲ, ಒಂದೇ ಮೈಯಿಂದ ಬಂದವರು ಎಂದ ಪುಣ್ಯಾತ್ಮ ವಿಜ್ಞಾನೇಶ್ವರ. ಅಷ್ಟು ಹೇಳಿಯೂ ಹುಟ್ಟಿನ ಹಕ್ಕನ್ನು ಗಂಡುಮಕ್ಕಳಿಗೇ ಇಟ್ಟ. ಮಗಳು ಆ ಪಂಕ್ತಿಗೆ ಬಂದದ್ದು ಕರ್ನಾಟಕದಲ್ಲಿ 1994ಕ್ಕೆ, ಅದೂ ಆಗ ಮದುವೆಯಾಗದವಳು ಮಾತ್ರ, ದೇಶಕ್ಕೆಲ್ಲ 2005ಕ್ಕೆ. ಅಪ್ಪ ಅದಕ್ಕೂ ಮುಂಚೆ ತೀರಿದ್ದರೂ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತ ಮಾಡಿದ್ದು 2020ರಲ್ಲಿ.

ಮಂಠಾಳದ ಕಡೆಯ ಒಂದು ಮನೆ. ಒಂಬತ್ತು ಎಕರೆ ಎರಿ ಹೊಲ, ಒಂದು ಬಾವಿ, ಇಬ್ಬರು ಅಣ್ಣತಮ್ಮಂದಿರು, ಪೆನ್ಸಿಲ್ಲಿಗೆ ತಡವಾಗಿ ಸಿಕ್ಕ ಅಕ್ಕ. ಅಪ್ಪ ತೀರಿದ್ದ, ತಾಯಿ ಅವನಿಗಿಂತ ಮೊದಲೇ ಹೋಗಿದ್ದಳು. ಹಳೆಯ ಲೆಕ್ಕದಲ್ಲಿ ಅಪ್ಪನಿಗೂ ಗಂಡುಮಕ್ಕಳಿಗೂ ಮೂರು ಮೂರು. ಅಪ್ಪನ ಮೂರರಲ್ಲಿ ಮೂವರಿಗೂ ಒಂದೊಂದು. ಅಂದರೆ ಅಣ್ಣತಮ್ಮಂದಿರಿಗೆ ನಾಲ್ಕು ನಾಲ್ಕು, ಅಕ್ಕನಿಗೆ ಒಂದು. ಹೊಸ ಲೆಕ್ಕದಲ್ಲಿ ಮೂವರಿಗೂ ಮೂರು. ಹಾಳೆ ತಿರುಗಿಸಿ ತೋರಿಸಿದೆ. ಆಕೆ ಎಕರೆ ನೋಡಲಿಲ್ಲ.

“ದಾವೆ ಹಾಕಿದ್ರ ಪಂಚ್ಮಿಗಿ ಕರ್ಯಾಕ ಬರ್ತಾರೇನ್ರಿ, ವಕೀಲಸಾಬ್?”

ಇದಕ್ಕೆ ಯಾವ ಸೆಕ್ಷನ್ನಿನಲ್ಲಿ ಉತ್ತರ ಹುಡುಕಲಿ?

ದಾವೆ ಹಾಕಿದೆವು. ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅಲ್ಲಿ ಮುಗಿದರೆ ಕಟ್ಟಿದ ಕೋರ್ಟು ಫೀ ವಾಪಸು, ಮೇಲ್ಮನವಿಯ ಕಾಟವಿಲ್ಲ. ಮೂರು ಬೇಡ, ಎರಡು ಎಕರೆ ಸಾಕು, ಬಾವಿಯ ನೀರಿನ ಪಾಲು ಮಾತ್ರ ಬರೆಸಿ ಅಂದಳು. ನನಗೆ ಸಿಟ್ಟೇ ಬಂತು. ಆಕೆಯ ಹೊಲ, ಆಕೆಯ ಮಾತು ಎಂದು ಸುಮ್ಮನಾದೆ.

ರಾಜಿಪತ್ರ ಬರೆಯುವುದು ನನಗೆ ಊಟದಷ್ಟೇ ಇಷ್ಟ. ಮಿತಾಕ್ಷರ ಅಂದರೆ ಅಳೆದು ಇಟ್ಟ ಅಕ್ಷರ. ಜ್ಯೂನಿಯರ್ ಹುಡುಗ ಬರೆದು ತಂದಿದ್ದ: ‘ಸದರಿ ಬಾವಿಯ ನೀರನ್ನು ಮೂವರೂ ಅನ್ಯೋನ್ಯವಾಗಿ ಬಳಸತಕ್ಕದ್ದು.’ ಈ ‘ಅನ್ಯೋನ್ಯವಾಗಿ’ ಎಂಬುದು ಮೊಮ್ಮಕ್ಕಳ ಕಾಲದ ದಾವೆಯ ಬೀಜ. ಹೊಡೆದು ಹಾಕಿದೆ. ಸೋಮವಾರ, ಮಂಗಳವಾರ ಹಿರಿಯವನು. ಬುಧವಾರ, ಗುರುವಾರ ಕಿರಿಯವನು. ಶುಕ್ರವಾರ, ಶನಿವಾರ ಅಕ್ಕ ಎಂದು ಬರೆದೆ. ಐತವಾರ ಉಳಿಯಿತು. ಒಂಬತ್ತು ಎಕರೆ ಹಂಚಿದ್ದಕ್ಕಿಂತ ಹೆಚ್ಚು ಹೊತ್ತು ಆ ಒಂದು ದಿನಕ್ಕೆ ಹಿಡಿಯಿತು. ಹಿರಿಯವನು ಹಿರಿತನ ಹೇಳಿದ, ಕಿರಿಯವನು ಮೋಟರ್ ನಂದು ಅಂದ. ಕೊನೆಗೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಐತವಾರ ಬಾವಿಗಿ ಸೂಟಿ ಕೊಡ್ರಿ” ಅಂದಳು.

ಹಾಗೆಯೇ ಬರೆದೆ: ‘ಭಾನುವಾರ ಯಾರೂ ಮೋಟರ್ ಹಚ್ಚತಕ್ಕದ್ದಲ್ಲ.’ ಮೂವರೂ ಸಹಿ ಮಾಡಿದರು, ಅಕ್ಕನದು ಹೆಬ್ಬೆಟ್ಟು.