ಬಿ.ಎ. ಆದ ಮ್ಯಾಲ ನರ್ಸಿಂಗ್

ನಮ್ಮ ಜತ್ತ ಭಾಗದಾಗ ಹುಡುಗಿ ಬಿ.ಎ. ಪಾಸಾದಳು ಅಂದರ ಮನಿ ಮಂದಿ ಓದಿನ ಖರ್ಚು ತೀರಿತು ಅಂತ ಉಸಿರು ಬಿಡತಾರ. ಮುಂದಿನ ಲೆಕ್ಕ ಏನಿದ್ದರೂ ಮದುವೀದು. ಹಂತಾದ್ರಾಗ ಬಿ.ಎ. ಆದ ಮಗಳು "ಅಪ್ಪಾ, ನಾ ಈಗ ನರ್ಸಿಂಗ್ ಕಲೀತೀನಿ" ಅಂದರ, ಕೇಳಿದವರ ಮೊದಲ ಮಾತು, "ಅದನ್ನ ಮೊದಲ ಯಾಕ ಕಲೀಲಿಲ್ಲ?" ಎರಡನೇ ಮಾತು, "ರೊಕ್ಕ ಯಾರು ಕೊಡತಾರ?" ಮೊದಲಿನದಕ್ಕ ಉತ್ತರ ನನ್ನ ಹತ್ತರ ಐತಿ. ಎರಡನೇದರ ಸಲುವಾಗಿ ಮೂರು ವರ್ಷ ಅಡ್ಡಾಡೀನಿ. ಹಂಗ ಅಡ್ಡಾಡೋರು ಊರಾಗ ಇನ್ನೂ ಇಬ್ಬರು ಮೂವರು ಅದಾರ, ಅವರಿಗೆ ಉಪಯೋಗ ಆದೀತು ಅಂತ ಬರೀತೀನಿ.

ಮಿರಜ ನಮಗ ಎರಡು ಕೆಲಸದ ಊರು. ಹಾಡೋರು ತಂಬೂರಿ ತರಾಕ ಹೋಗತಾರ, ಜಡ್ಡಾದವರು ದವಾಖಾನಿಗೆ ಹೋಗತಾರ. 1894ರಾಗ ವಾನ್ಲೆಸ್ ಅನ್ನೋ ಡಾಕ್ಟರು ಅಲ್ಲಿ ದವಾಖಾನಿ ಕಟ್ಟಿದಾಗಿಂದ ನಮ್ಮ ಕಡಿ ಮಂದಿಗೆ ದೊಡ್ಡ ಜಡ್ಡು ಅಂದರ ಮಿರಜ. ನಮ್ಮವ್ವ ಬಿದ್ದು ಟೊಂಕದ ಎಲುಬು ಮುರಕೊಂಡಾಗ ಅಲ್ಲಿಯ ಒಂದು ಸಣ್ಣ ದವಾಖಾನ್ಯಾಗ 19 ದಿನ ಇಟ್ಟಿದ್ದಿವಿ. ಅವ್ವಗ ಮರಾಠಿ ಬರತಿದ್ದಿಲ್ಲ. ನರ್ಸಬಾಯಿ ಬಂದು "ದುಖತಂಯ್ ಕಾ?" ಅಂತ ಕೇಳತಿದ್ದಳು, ನೋವು ಐತೇನು ಅಂತ. ಅವ್ವ ಅದನ್ನ ದುಃಖ ಅಂತ ತಿಳಕೊಂಡು, "ದುಃಖ ಯಾಕವ್ವಾ, ಏನೂ ಇಲ್ಲ, ಮಕ್ಕಳು ಚಲೋ ನೋಡತಾರ" ಅಂತ ಕೈ ಅಲ್ಲಾಡಿಸತಿದ್ದಳು. ನೋವು ಇಲ್ಲ ಅಂತ ಆ ಬಾಯಿ ಮುಂದ ಹೋಗತಿದ್ದಳು. ಎರಡು ರಾತ್ರಿ ಅವ್ವ ಹಲ್ಲು ಕಚ್ಚಿ ಕಳದಳು. ಮೂರನೇ ದಿನ ಹಾಸಿಗಿ ಹತ್ತರ ಉಳಕೋಳಾಕ ನಮ್ಮ ಸಣ್ಣ ಮಗಳು ಹೋದಳು, ಆಕಿಗೆ ಇದು ತಿಳೀತು. ಆಮ್ಯಾಲ ಆ ವಾರ್ಡಿನಾಗಿನ ಕನ್ನಡದವರೆಲ್ಲರಿಗೂ ಆಕೀನ ಬಾಯಿ ಆದಳು. ಬಿ.ಎ. ಪದವಿ ಕೈಯಾಗ ಹಿಡಕೊಂಡು ಒಂದು ವರ್ಷ ಮನ್ಯಾಗ ಕುಂತಿದ್ದ ಹುಡುಗಿ ಅಲ್ಲಿಂದ ತಿರುಗಿ ಬರೋದರಾಗ ನಿಶ್ಚಯ ಮಾಡಿದ್ದಳು. ಮೊದಲ ಯಾಕ ಕಲೀಲಿಲ್ಲ ಅನ್ನೋರಿಗೆ ಇದೇ ಉತ್ತರ. 17ನೇ ವಯಸ್ಸಿನಾಗ ಯಾರಿಗೆ ಏನು ಗೊತ್ತಿರತೈತಿ?

ಈಗ ಕಾಯ್ದೆ ಹೇಳತೀನಿ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಅದಕ್ಕ 12ನೇತ್ತಿಯಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಕಲಾ ವಿಭಾಗದವರಿಗೆ ಇರೋದು ಜಿ.ಎನ್.ಎಂ., ಮೂರು ವರ್ಷದ ಡಿಪ್ಲೋಮಾ. ಅದು ಮುಗಿದ ಮ್ಯಾಲ ಬೇಕಾದರ ಇನ್ನೆರಡು ವರ್ಷ ಕಲಿತು ಬಿ.ಎಸ್ಸಿ. ಪದವಿ ಮಾಡಿಕೊಳ್ಳಬಹುದು. ಬಿ.ಎ.ಗೆ ಕೊಟ್ಟ ಮೂರು ವರ್ಷ ಯಾವ ಲೆಕ್ಕಕ್ಕೂ ಹಿಡಿಯೂದಿಲ್ಲ. ಒಂದು ದಿನಾನೂ ಕಡಿಮಿ ಆಗಲಿಲ್ಲ.

ನಮ್ಮ ಶಾಲಿಯ ಮಾಸ್ತರರ ತಂಗಿ ಮಗಳು ಅಮೇರಿಕಾದಾಗ ಅದಾಳ. ಅಲ್ಲಿ ಬ್ಯಾರೆ ಪದವಿ ಆದವರಿಗೆ ಅಂತನ 12ರಿಂದ 18 ತಿಂಗಳಿನ ನರ್ಸಿಂಗ್ ಪದವಿ ಐತಂತ. ಮೊದಲು ಕೆಲವು ವಿಜ್ಞಾನ ವಿಷಯ ಪಾಸಾಗಿರಬೇಕು, ಹಳೇ ಪದವೀನ ಲೆಕ್ಕಕ್ಕ ಹಿಡಿದು ಉಳಿದದ್ದನ್ನ ಜಲ್ದಿ ಮುಗಿಸತಾರ. ಇದನ್ನ ಕೇಳಿ ನನಗ ಹೊಟ್ಟಿಕಿಚ್ಚು ಆತು. ಆದರ ರೊಕ್ಕದ ಮಾತು ಬಂದಾಗ ಅಲ್ಲೂ ಇದೇ ಹಾಡು. ಬಡವರ ಮಕ್ಕಳಿಗೆ ಅಲ್ಲಿಯ ಸರಕಾರ ಕೊಡೋ ಪೆಲ್ ಅನ್ನೋ ಅನುದಾನ ಮೊದಲ ಪದವಿಗೆ ಮಾತ್ರ. ಎರಡನೇ ಪದವಿಗೆ ಸಾಲ ಮಾಡಬೇಕು.

ನಮ್ಮಲ್ಲಿಯ ಶಿಷ್ಯವೇತನದ ನಿಯಮದಾಗ, ಬಿ.ಎ. ಮುಗಿಸಿ ಬಿ.ಕಾಂ. ಓದಿದಂಗ ಅದೇ ಹಂತದ ಇನ್ನೊಂದು ಕೋರ್ಸು ಮಾಡೋರಿಗೆ ಇಲ್ಲ ಅಂತ ಬರದಾರ. ವರ್ಷದ ಉತ್ಪನ್ನ 4.5 ಲಕ್ಷದ ಒಳಗಿದ್ದವರಿಗೆ ಕೇಂದ್ರ ಸರಕಾರ ಓದಿನ ಸಾಲದ ಬಡ್ಡಿ ಕಟ್ಟೋದೂ ಒಂದೇ ಸಲ, ಅದರಾಗ ಪದವಿ ಅಂದರ ಮೊದಲಿನ ಪದವಿ. ನಾ ಅರ್ಜಿ ಹಿಡಕೊಂಡು ಹೋದರ ಗುಮಾಸ್ತ ಕಾಗದ ಸುತ್ತಾ ನೋಡದ, "ನಿಮ್ಮ ಪಾಲು ಮುಗದೈತಿ ಕಾಕಾ" ಅಂದ. ಪಾಲು ಅಂದ! ಅಣ್ಣತಮ್ಮರು ಹೊಲ ಹಂಚಿಕೊಂಡಂಗ.

ಉಳಿದದ್ದು ಬ್ಯಾಂಕು. ಫೀ ವರ್ಷಕ್ಕ 70 ಸಾವಿರ, ಹಾಸ್ಟೆಲ್, ಊಟ ಹಿಡಿದು ಮತ್ತ 40 ಸಾವಿರ. ಓದಿನ ಸಾಲ 4 ಲಕ್ಷದ ತನಕ ಇದ್ದರ ಹೊಲ ಮನಿ ಅಡವು ಇಡಬೇಕಾಗಿಲ್ಲ, ಕೈಯಿಂದ ಪಾಲು ರೊಕ್ಕಾನೂ ಹಾಕಬೇಕಾಗಿಲ್ಲ. ಇದನ್ನ ಗೊತ್ತಿಲ್ಲದ ನಮ್ಮ ಮಂದಿ ಸಾಹುಕಾರನ ಹತ್ತರ ನೂರಕ್ಕ ತಿಂಗಳಿಗೆ ಮೂರರಂಗ ತರತಾರ, ಅದು ವರ್ಷಕ್ಕ 36 ಆತು. ಆದರ ಬ್ಯಾಂಕಿನವರು ತಂದಿ ಉತ್ಪನ್ನ ಕೇಳತಾರ. ಸಾತಬಾರಾ ಉತಾರಾ ಕೊಟ್ಟೆ. "ಹೊಲ ಬಿಟ್ಟು ಬ್ಯಾರೆ ಏನು ಗಳಿಕಿ?" ಅಂದರು. ಡೊಳ್ಳಿನ ಪದ ಹಾಡತೀನಿ ಅಂದೆ. ಜಾತ್ರಿಯೊಳಗ ಆಯೇರಿ ಮಾಡಿದ 50, 100ರ ನೋಟಿಗೆ ಪಾವತಿ ಎಲ್ಲಿಂದ ತರಲಿ? ಅದನ್ನ ಬಿಟ್ಟು ತಹಶೀಲದಾರರ ದಾಖಲಾ ಒಂದನ್ನ ಹಿಡದರು. ಮತ್ತೊಂದು ತಕರಾರು ಬಂತು: ನನ್ನ ವಯಸ್ಸು 60 ದಾಟೈತಿ, ಕೂಡ ಸಹಿ ಮಾಡಾಕ ಸಣ್ಣ ವಯಸ್ಸಿನವರು ಬೇಕು.

ಮನ್ಯಾಗ ಹಂತಾವ ಅಂದರ ಮಗ ಒಬ್ಬನ. ಅವನ 12ನೇತ್ತಿಗೇ ಸಾಲಿ ಬಿಟ್ಟು ದಾಳಿಂಬಿ ತೋಟ ಹಿಡಿದವ. "ಒಬ್ಬಾಕಿಗೆ ಎರಡು ಸಲ, ನನಗ ಒಂದು ಸಲಾನೂ ಇಲ್ಲ" ಅಂದ. ಅದರಾಗ ಸುಳ್ಳು ಏನೈತಿ? ನಾ ಸುಮ್ಮನ ಕುಂತೆ. ಎರಡು ದಿನ ಅಣ್ಣತಂಗಿ ಮಾತಾಡಲಿಲ್ಲ. ಆಮ್ಯಾಲ ಆಕಿ ಒಂದು ನೋಟಬುಕ್ಕಿನಾಗ, ಯಾವ ವರ್ಷ ಎಷ್ಟು ಸಾಲ, ನೌಕರಿ ಹತ್ತಿದ ಮ್ಯಾಲ ತಿಂಗಳಿಗೆ ಎಷ್ಟು ತಿರುಗಿ ಕಟ್ಟತೀನಿ, ಮದುವಿ ಆದರೂ ಕಟ್ಟತೀನಿ ಅಂತ ಬರದು ಅವನ ಮುಂದ ಇಟ್ಟಳು. ಮರುದಿನ ಅವನ ಗಾಡಿ ಮ್ಯಾಲ ನನ್ನ ಕೂರಿಸಿಕೊಂಡು ಬ್ಯಾಂಕಿಗೆ ಹೋಗಿ ಸಹಿ ಮಾಡಿದ. ಏನೂ ಮಾತಾಡಲಿಲ್ಲ, ಬರೋವಾಗ ತೋಟಕ್ಕ ಔಷಧ ತಗೊಂಡ.

ಸಾಲ ತಗೊಳ್ಳೋರು ಒಂದು ಮಾತು ನೆನಪಿಡಬೇಕು. ಓದೋವಾಗ ಮತ್ತು ಮುಗಿದ ಮ್ಯಾಲ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಅಂತಾರ, ಖರೆ. ಆದರ ಬಡ್ಡಿ ನಿಂತಿರೂದಿಲ್ಲ. ನೂರಕ್ಕ ಹತ್ತು ಅಂತ ಹಿಡಿದರ ಮೊದಲ ವರ್ಷ ತಂದ 1 ಲಕ್ಷಕ್ಕ ನಾಲ್ಕು ವರ್ಷದಾಗ 40 ಸಾವಿರ ಬೆಳೀತೈತಿ. ಸರಕಾರ ಬಡ್ಡಿ ಕಟ್ಟೋರಿಗೆ ಇದರ ಬಿಸಿ ತಟ್ಟೂದಿಲ್ಲ, ಎರಡನೇ ಸಲ ಕಲಿಯೋರಿಗೆ ತಟ್ಟತೈತಿ. ಅದಕ್ಕ ನಾವು ಬಡ್ಡಿ ಅಷ್ಟನ್ನ ತಿಂಗಳ ತಿಂಗಳ ಕಟ್ಟತೀವಿ, 1 ಲಕ್ಷಕ್ಕ ಸುಮಾರು 830 ರೂಪಾಯಿ. ಹಂಗ ಕಟ್ಟೋರಿಗೆ ಬಡ್ಡಿಯಾಗ ಒಂದು ಪರ್ಸೆಂಟ್ ರಿಯಾಯಿತಿ ಕೇಳಾಕ ಅವಕಾಶ ಐತಿ, ಕೇಳರಿ. ಒಂದು ವರ್ಷದ ಬಡ್ಡಿ ಎರಡು ಹೋತಿನಾಗ ಹೋತು. ಉಳಿದದ್ದು ಡೊಳ್ಳಿನ ಮ್ಯಾಲಿಂದ ಬಂತು. ಹಿಂದ ಒಂದು ರಾತ್ರಿ ಹಾಡಿದರ ಎರಡು ದಿನ ಮಲಗತಿದ್ದೆ, ಈಗ ಶ್ರಾವಣದಾಗ ಬರೋ ಸುಪಾರಿ ಒಂದೂ ಬಿಡೂದಿಲ್ಲ.

ಇನ್ನ ಏಜೆಂಟರು. "ಸೀಟು ಕೊಡಸತೀನಿ" ಅಂತ ಒಬ್ಬ 50 ಸಾವಿರ ಕೇಳಿದ್ದ. ಅವ ಹೇಳಿದ ಶಾಲಿಗೆ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದ್ದಿಲ್ಲ. ಮಾನ್ಯತೆ ಇಲ್ಲದಲ್ಲಿ ಕಲಿತರ ನೋಂದಣಿ ಇಲ್ಲ, ನೋಂದಣಿ ಇಲ್ಲದ ನರ್ಸ್ ನೌಕರಿ ಇಲ್ಲ. ರೊಕ್ಕ ಕೊಡೋಕಿಂತ ಮೊದಲು ಆ ಕಾಗದ ನೋಡರಿ.

ಮಗಳು ಈಗ ಮೂರನೇ ವರ್ಷದಾಗ ಅದಾಳ. ವಾರ್ಡಿನಾಗ ಕನ್ನಡದ ಮುದುಕರು ಬಂದರ ಉಳಿದ ಹುಡುಗ್ಯಾರು ಈಕೀನ ಕರೀತಾರಂತ. ಫೀದೊಳಗ ಇನ್ನ 35 ಸಾವಿರ ಬಾಕಿ ಐತಿ. ದಾಳಿಂಬಿ ಮಾರ್ಚದಾಗ ಕೈಗೆ ಬರತೈತಿ, ಅವರು ಜನವರಿಯಾಗ ಕೇಳ್ಯಾರ. ಮೊನ್ನೆ ಮಗ ವ್ಯಾಪಾರಿ ಹತ್ತರ ಮುಂಗಡ ಕೇಳಾಕ ಹೋಗ್ಯಾನ, ನಾ ಹೇಳಿರಲಿಲ್ಲ.