ಎರಡು ಕ್ಯಾನು ನೀರು

ಏಪ್ರಿಲ್ ರಜೆಗೆ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ಮೊಮ್ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕೆಂಪು ಮಣ್ಣಿನ ದಾರಿ, ಕಾರಿನ ಹಿಂದೆ ಕಟ್ಟಿದ ಪುಟ್ಟ ಟ್ರೇಲರು. ಬಿಚ್ಚಿದರೆ ಅದೇ ಡೇರೆ. ಒಂದು ಪಕ್ಕ ಒಲೆ, ಇನ್ನೊಂದು ಪಕ್ಕ ನೀರಿನ ತೊಟ್ಟಿ.

“ಇದು ಔಟ್‌ಬ್ಯಾಕ್ ತಾತ. ಎಷ್ಟು ದೂರ ಹೋದರೂ ಒಂದು ಮನೆ ಸಿಗಲ್ಲ. ನಿಮ್ಮಲ್ಲಿ ಇಂಥದ್ದು ಇದೆಯಾ?”

“ನಾನು ನಿನ್ನಷ್ಟಿದ್ದಾಗಲೇ ಇತ್ತು” ಎಂದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ನಾವು ಕಮಾನು ಗಾಡಿಯಲ್ಲಿ ಹೋಗುತ್ತಿದ್ದೆವು. ಒಳಗೆ ಹುಲ್ಲಿನ ಮೇಲೆ ಜಮಖಾನೆ, ಹಿಂದೆ ಸೌದೆ, ಪಾತ್ರೆ, ನೀರಿನ ಕೊಡ. ರಾತ್ರಿ ಗಾಡಿಯ ಕೆಳಗೇ ಮಲಗುತ್ತಿದ್ದೆವು. ಎತ್ತುಗಳು ಮೆಲುಕು ಹಾಕುವ ಸದ್ದೇ ನಮಗೆ ಜೋಗುಳ.

“ಹಾಗಾದರೆ ಆ ದಾರಿ ತೋರಿಸು” ಎಂದು ಹಟ ಹಿಡಿದಳು.

ಮರುದಿನ ಬೆಳಗಿನ 5 ಗಂಟೆಗೆ ತುಮಕೂರು ಬಿಟ್ಟೆವು. ಕಾರು ಓಡಿಸಿದ್ದು ಮಗಳು. ಡಿಕ್ಕಿಯಲ್ಲಿ ಚಾಪೆ, ಸ್ಟೌ, ಚಿತ್ರಾನ್ನದ ಡಬ್ಬಿ, 20 ಲೀಟರಿನ ಎರಡು ಕ್ಯಾನು ನೀರು. “ಎರಡ್ಯಾಕಪ್ಪ?” ಎಂದಳು ಮಗಳು. “ಪಾವಗಡಕ್ಕೆ ಹೋಗ್ತಿದೀವಿ” ಎಂದೆ.

ಕೊರಟಗೆರೆಯಲ್ಲಿ ಬಿಸಿ ಇಡ್ಲಿ ತಿಂದೆವು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯನ್ನು ಮೊಮ್ಮಗಳಿಗೆ ತೋರಿಸಿದೆ. ಅವಳು ಸೇತುವೆಯಿಂದ ಬಗ್ಗಿ ನೋಡಿ, “ನದಿ ಎಲ್ಲಿ?” ಎಂದಳು. ಕೆಳಗೆ ಇದ್ದದ್ದು ಬರೀ ಮರಳು.

ಮಧುಗಿರಿ ಎಂದರೆ ಒಂದೇ ಕಲ್ಲಿನ ಬೆಟ್ಟ. ಸಮುದ್ರಮಟ್ಟದಿಂದ 3,930 ಅಡಿ ಎತ್ತರ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಅಂಚಿನುದ್ದಕ್ಕೂ ಕೋಟೆಯ ಗೋಡೆ. ಒಂದು ಕಾಲಕ್ಕೆ ಇಲ್ಲಿ ಜೇನುಗೂಡುಗಳು ತುಂಬಿದ್ದವಂತೆ, ಅದಕ್ಕೇ ಮಧುಗಿರಿ. ಮೊದಲ ಬಾಗಿಲು ದಾಟುವಷ್ಟರಲ್ಲಿ ನನ್ನ ಮಂಡಿ ಮುಷ್ಕರ ಹೂಡಿತು. ತಾಯಿ ಮಗಳು ಅರ್ಧದವರೆಗೆ ಹತ್ತಿ, ಕೂತು ಜಾರಿಕೊಂಡು ಇಳಿದು ಬಂದರು.

ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲಿದೆ. 2007ರಿಂದ ಅದು ಕೃಷ್ಣಮೃಗಗಳ ಸಂರಕ್ಷಿತ ತಾಣ. ಮಕ್ಕಳೇ, ಗಂಡು ಜಿಂಕೆಯ ಬೆನ್ನು ಕಪ್ಪು, ಕೊಂಬು ಹುರಿ ಹಾಕಿದ ಹಗ್ಗದಂತೆ. ನಮ್ಮ ಕಾರಿನ ಸದ್ದಿಗೆ ಒಂದು ಹಿಂಡು ಎದ್ದು ಗಾಳಿಯಲ್ಲಿ ನೆಗೆಯಿತು. “ಕಾಂಗರೂ ಥರ!” ಎಂದು ಮೊಮ್ಮಗಳು ಕಿರುಚಿದಳು. “ಇದರ ಥರ ಕಾಂಗರೂ” ಎಂದು ನಾನು ತಿದ್ದಿದೆ.

ದಾರಿಯಲ್ಲಿ ಆಂಧ್ರ ಬಂದು ಹೋಯಿತು. ಬೋರ್ಡುಗಳು ತೆಲುಗಾಗಿ ಮತ್ತೆ ಕನ್ನಡವಾದವು. ಪಾವಗಡ ಬಂತು.

ಎಂಬತ್ತರ ದಶಕದಲ್ಲಿ ನಾನು ಇಲ್ಲಿ ಬ್ಯಾಂಕಿನ ಗುಮಾಸ್ತ. ಬಾವಿ ತೋಡಲು ಸಾಲ ಪಡೆದವರು ಬಹಳ. ನೀರು ಕಂಡವರು ಕಡಿಮೆ. ಕಂತು ಕಟ್ಟದವರಿಗೆ ನೋಟಿಸು ಬರೆಯುವುದು ನನ್ನ ಕೆಲಸ. ಒಂದು ದಿನ ಒಬ್ಬ ರೈತ ನೋಟಿಸು ಹಿಡಿದು ಬಂದು, “ಓದಿ ಹೇಳಿ ಸ್ವಾಮಿ, ನನಗೆ ಅಕ್ಷರ ಬರಲ್ಲ” ಎಂದ. ನನ್ನದೇ ಬರಹ. ಓದಿ ಹೇಳಿದೆ. “ನೀರು ಬಂದ ದಿನ ನಾನೇ ತಂದು ಕಟ್ತೀನಿ” ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ. ಅವನ ಸಾಲದ ಖಾತೆ ಸಂಖ್ಯೆ ಇಂದಿಗೂ ನೆನಪಿದೆ, ಊರಿನ ಹೆಸರು ಮರೆತಿದೆ. ನೆನಪಿದ್ದರೆ ಹುಡುಕಿಕೊಂಡು ಹೋಗುತ್ತಿದ್ದೆ.

ತಿರುಮಣಿ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ನೀಲಿ ಫಲಕಗಳು. 2018ರಲ್ಲಿ ಉದ್ಘಾಟನೆಯಾದ ಈ ಸೌರ ಪಾರ್ಕು ಸುಮಾರು 13,000 ಎಕರೆ. ಸಾಮರ್ಥ್ಯ 2,050 ಮೆಗಾವಾಟ್. ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಕಡಲೆಕಾಯಿ ಸುಟ್ಟುಹಾಕುತ್ತಿದ್ದ ಬಿಸಿಲು ಈಗ ಬಾಡಿಗೆ ತರುತ್ತಿದೆ.

ಬೇವಿನ ನೆರಳಲ್ಲಿ ಚಾಪೆ ಹಾಸಿ ಚಿತ್ರಾನ್ನ ಬಿಚ್ಚಿದಾಗ ಒಬ್ಬ ಕುರಿಗಾಹಿ ಬಂದು ನೀರು ಕೇಳಿದ. ಮೊಮ್ಮಗಳು ಕೊಟ್ಟು, “ನಿಮಗೂ ಬಾಡಿಗೆ ಬರುತ್ತಾ ಅಂಕಲ್?” ಎಂದಳು.

“ಹೊಲ ಇದ್ದೋರಿಗೆ ಬರುತ್ತಮ್ಮ. ನನಗೆ ಕುರಿ ಮಾತ್ರ ಇರೋದು.”

“ಅವು ಎಲ್ಲಿ ಮೇಯ್ತವೆ?”

“ಬೇಲಿ ಸುತ್ತಿಕೊಂಡು ಆ ಕಡೆ ಹೋಗ್ಬೇಕು” ಎಂದು ಗುಡ್ಡದ ಕಡೆ ಕೈ ತೋರಿಸಿದ. ಮೊಮ್ಮಗಳು ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಎದ್ದು ಹೋಗಿ ಎರಡನೇ ಕ್ಯಾನನ್ನು ಎಳೆದು ತಂದಳು. ಚಿತ್ರಾನ್ನದ ಡಬ್ಬಿಯ ಮುಚ್ಚಳದಲ್ಲಿ, ಸ್ಟೌ ಮೇಲಿಡುವ ಪಾತ್ರೆಯಲ್ಲಿ ನೀರು ಸುರಿದು ಕುರಿಗಳಿಗೆ ಇಟ್ಟಳು. ಕ್ಯಾನು ಖಾಲಿಯಾಯಿತು. ಮಗಳು ಏನೂ ಅನ್ನಲಿಲ್ಲ.

ಸಂಜೆಗೆ ಶಿರಾ. 1687ರಿಂದ ಮೊಗಲರ ಪ್ರಾಂತ್ಯದ ರಾಜಧಾನಿಯಾಗಿದ್ದ ಊರು ಇದು. ಆದರೆ ನಮ್ಮ ಗುರಿ ಕಗ್ಗಲಡು. ಊರ ನಡುವಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳು, ಹಳದಿ ಕೊಕ್ಕು, ಬಾಲದ ಮೇಲೆ ಗುಲಾಬಿ ಗರಿ, ಗೂಡು ಗೂಡಿನಲ್ಲೂ ಮರಿಗಳ ಗಲಾಟೆ. ಊರವರೇ ಅವುಗಳ ಕಾವಲು.

“ಮೀನು ಎಲ್ಲಿಂದ ತರ್ತವೆ?”

“ಕೆರೆಗಳಿಂದ.”

“ಕೆರೆ ಒಣಗಿದ ವರ್ಷ?”

“ಕಡಿಮೆ ಬರ್ತವೆ.”

ಅವಳು ಬಹಳ ಹೊತ್ತು ಮರ ನೋಡುತ್ತಾ ನಿಂತಳು. ಸ್ಟೌ ಹಚ್ಚಿ ಟೀ ಮಾಡಿದೆವು. ಉಳಿದಿದ್ದ ನೀರು ಮೂರು ಲೋಟಕ್ಕೆ ಸರಿಹೋಯಿತು.

ಮನೆ ಸೇರಿದಾಗ ರಾತ್ರಿ 9. ನಿದ್ದೆಗಣ್ಣಿನಲ್ಲೇ ಮೊಮ್ಮಗಳು ಎರಡೂ ಕ್ಯಾನುಗಳನ್ನು ನಲ್ಲಿಯ ಕೆಳಗಿಟ್ಟಳು. “ನಾಳೆ ಸಿದ್ಧರಬೆಟ್ಟಕ್ಕೆ ಹೋಗೋಣ ತಾತ.” ನನ್ನ ಮಂಡಿ ಬೇಡ ಎಂದಿತು. ನಾನು ಹೂಂ ಎಂದೆ.