ಮಂಚ ಬಿಟ್ಟುಕೊಟ್ಟವಳು

ನಮ್ಮಜ್ಜಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಒಂದು ಹಲಸಿನ ಮಂಚ. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ದೂರದಿಂದ ಬಂದ ಸ್ವಂತ ಮಗಳಿಗೂ "ಚಾಪೆ ಅಲ್ಲಿದೆ ನೋಡೇ" ಎನ್ನುತ್ತಿದ್ದಳು. ಮುಪ್ಪಿನಲ್ಲಿ ಮನುಷ್ಯರ ರಾಜ್ಯ ಆರಡಿ ಉದ್ದ, ಮೂರಡಿ ಅಗಲಕ್ಕೆ ಇಳಿಯುತ್ತದೆ. ಗಡಿಕಾವಲು ಮಾತ್ರ ಬಿಗಿಯಾಗುತ್ತದೆ.

ಹಾಗಾಗಿ ಫ್ರಾನ್ಸಿನ ಝಾನ್ ಜುಗಾನಳ ಕಥೆ ಓದಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಪುಣ್ಯವಲ್ಲ, ಹಾಸಿಗೆ. 1839ರ ಚಳಿಗಾಲ, ಬ್ರಿಟನಿ ಸೀಮೆಯ ಸೇಂಟ್ ಸರ್ವಾನ್ ಊರು. ಮೀನುಗಾರನ ಮಗಳು, ಮನೆಗೆಲಸ ಮಾಡಿಕೊಂಡಿದ್ದವಳು, ವಯಸ್ಸು ನಲವತ್ತೇಳು. ದಿಕ್ಕಿಲ್ಲದ ಕುರುಡು ಮುದುಕಿಯೊಬ್ಬಳನ್ನು ಮನೆಗೆ ತಂದು, ತನ್ನ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟಕ್ಕೆ ಹೋದಳು. ವೃದ್ಧೆಯರ ಆಶ್ರಮಕ್ಕೆ ಶಂಕುಸ್ಥಾಪನೆ ಆದದ್ದು ಹೀಗೆ. ಮಂತ್ರಿಗಳಿಲ್ಲ, ಹಾರವಿಲ್ಲ, ಮೂರು ಗಂಟೆ ತಡವಾಗಿ ಶುರುವಾಗುವ ಸಭೆಯೂ ಇಲ್ಲ. 1841ರಲ್ಲಿ ಹನ್ನೆರಡು ಮುದುಕಿಯರಿಗೆಂದು ಬಾಡಿಗೆಗೆ ಹಿಡಿದ ಜಾಗವಂತೂ ಹಳೆಯ ಹೆಂಡದಂಗಡಿ!

ಊಟಕ್ಕೇನು ದಾರಿ? ಮುದುಕಿಯರಲ್ಲಿ ಹಲವರು ಮೊದಲು ಬೀದಿಯಲ್ಲಿ ಬೇಡುತ್ತಿದ್ದವರು. ಯಾವ್ಯಾವ ಮನೆಗೆ ಹೋಗುತ್ತಿದ್ದಿರಿ ಎಂದು ಅವರನ್ನೇ ಕೇಳಿಕೊಂಡು, ಬುಟ್ಟಿ ಹಿಡಿದು ಅವರ ಬದಲು ತಾನು ಹೊರಟಳು. ಆಗಿನ ಆ ಮುದುಕಿಯರ ಗತ್ತನ್ನು ನಾನು ಊಹಿಸಿಕೊಳ್ಳುತ್ತೇನೆ: ಆ ಮನೆಗೆ ಬೆಳಿಗ್ಗೆ ಹೋಗಬೇಡ, ಯಜಮಾನ ಸಿಡುಕ, ಈ ಮನೆಯ ಸೊಸೆ ಕೈಬಿಚ್ಚಿ ಕೊಡುತ್ತಾಳೆ, ಅತ್ತೆ ಮಲಗಿರಬೇಕು ಅಷ್ಟೆ. ಜೀವಮಾನದ ಅನುಭವವನ್ನು ಕಡೆಗೂ ಒಬ್ಬರು ಕೇಳಿದರಲ್ಲ! ಒಮ್ಮೆ ಯಾರೋ ಕಪಾಳಕ್ಕೆ ಹೊಡೆದರೆ, ಇದು ನನಗಾಯಿತು, ಈಗ ನನ್ನ ಬಡವರಿಗೆ ಏನಾದರೂ ಕೊಡಿ ಅಂದಳಂತೆ.

1845ರಲ್ಲಿ ಫ್ರೆಂಚ್ ಅಕಾಡೆಮಿ ಅವಳಿಗೆ ಮೂರು ಸಾವಿರ ಫ್ರಾಂಕಿನ ಬಹುಮಾನ ಕೊಟ್ಟಿತು. ಅಷ್ಟರಲ್ಲಿ, ನೆರವಿಗೆಂದು ಬಂದ ಪಾದ್ರಿ ಲೆ ಪಾಯೊರ್ ಅವಳನ್ನು, ಆಶ್ರಮದ ಸುತ್ತ ಬೆಳೆಯುತ್ತಿದ್ದ ಸನ್ಯಾಸಿನಿ ಸೋದರಿಯರ ಸಂಸ್ಥೆಯ ಮುಖ್ಯಸ್ಥೆಯ ಪಟ್ಟದಿಂದ ಇಳಿಸಿಯಾಗಿತ್ತು. ಬರಬರುತ್ತಾ ಸಂಸ್ಥಾಪಕ ತಾನೇ ಎಂದೂ ಹೇಳಿಕೊಂಡ. ಹಾಸಿಗೆ ಬಿಟ್ಟುಕೊಟ್ಟವಳು ಕುರ್ಚಿಯನ್ನೂ ಸದ್ದಿಲ್ಲದೆ ಬಿಟ್ಟುಕೊಟ್ಟಳು. ಕೊನೆಯ ಇಪ್ಪತ್ತೇಳು ವರ್ಷ ಮಠದ ಮೂಲೆಯಲ್ಲಿ ಕಳೆದಳು. ಜೊತೆಗಿದ್ದ ಎಳೆಯ ಹುಡುಗಿಯರಿಗೆ, ಕೋಲೂರಿಕೊಂಡು ಓಡಾಡುವ ಈ ಮುದುಕಿಯೇ ತಮ್ಮ ಸಂಸ್ಥೆ ಕಟ್ಟಿದವಳೆಂಬುದು ಗೊತ್ತಿರಲಿಲ್ಲ. 1879ರಲ್ಲಿ ಅವಳು ತೀರಿಕೊಂಡಾಗ ಸಂಸ್ಥೆಯಲ್ಲಿ 2,400 ಸೋದರಿಯರಿದ್ದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಇಂದು ಅವರದೊಂದು ಮನೆಯಿದೆ.

ಪಾದ್ರಿಯನ್ನು 1890ರಲ್ಲಿ ರೋಮ್ ಅಧಿಕಾರದಿಂದ ಕೆಳಗಿಳಿಸಿತು. ಆಗ ಅವಳು ಸತ್ತು ಹನ್ನೊಂದು ವರ್ಷ. ನಮ್ಮ ಕೋರ್ಟುಗಳಲ್ಲೂ ತೀರ್ಪು ಹೀಗೇ ಬರುತ್ತದೆ. ಅವಳು ದಾವೆಯನ್ನೇ ಹೂಡಿರಲಿಲ್ಲ, ಆ ಮಾತು ಬೇರೆ.